ಸಹಿ ಬೇಕೇ? ಮೊದಲು ಕಾಗದ ಬರೀರಿ!

ಹುಮನಾಬಾದಿನ ಓದುಗ ದೊರೆಯೊಬ್ಬರು ಇನ್‌ಲ್ಯಾಂಡ್ ಲೆಟರ್ ಹಾಕಿದ್ದಾರೆ. ಹಸಿರು ಇಂಕು, ದುಂಡನೆಯ ಅಕ್ಷರ. ವಿಷಯ ಇಷ್ಟೇ: "ಅಣ್ಣಾರ, ನಿಮ್ಮ ಬಲ್ಲಿ ಹಳೇ ಆಟಗಾರರದು, ಹಳೇ ಸಿನಿಮಾದವರದು ಅಡ್ರೆಸ್ ಭಾಳ ಅವ ಅಂತ ಕೇಳೀನಿ. ಒಂದ್ ಐವತ್ತು ಅಡ್ರೆಸ್ ನಿಮ್ಮ ಕಾಲಮ್ಮಿನಾಗ ಹಾಕಿಬಿಡ್ರಿ. ನಾವು ದೋಸ್ತರೆಲ್ಲಾ ಕೂಡಿ ಸಹಿ ತರಿಸ್ತೀವಿ."

ಹಾಕೋದಿಲ್ಲ ಮಹರಾಯರೇ! ಸಿಟ್ಟಾಗಬೇಡಿ, ಕಾರಣ ಹೇಳ್ತೀನಿ.

ಒಂದು ಕಾಲದಲ್ಲಿ ಸಿನಿಮಾ ಪತ್ರಿಕೆಗಳು ತಾರೆಯರ ಮನೆ ವಿಳಾಸವನ್ನೇ ಅಚ್ಚು ಹಾಕುತ್ತಿದ್ದವು. ಆಗ ಕನ್ನಡ ಚಿತ್ರಗಳ ಕೆಲಸ ಬಹಳಷ್ಟು ಮದರಾಸಿನಲ್ಲೇ ನಡೆಯುತ್ತಿದ್ದ ಕಾಲ. ಹಳ್ಳಿ ಹುಡುಗರು ಮದರಾಸಿಗೆ ಕಾಗದ ಬರೆದು ತಿಂಗಳುಗಟ್ಟಲೆ ಪೋಸ್ಟ್‌ಮನ್‌ನ ಸೈಕಲ್ ಬೆಲ್ಲಿಗೆ ಕಿವಿ ಕೊಟ್ಟು ಕೂತಿರುತ್ತಿದ್ದರು. ಬರುತ್ತಿತ್ತು, ಬರುತ್ತಿರಲಿಲ್ಲ ಅಂತಲ್ಲ. ಕಾರ್ಡ್ ಸೈಜಿನ ಒಂದು ಫೋಟೋ, ಕೆಳಗೆ ಓರೆಯಾಗಿ ಸಹಿ. ನಮ್ಮೂರಿನ ಕಾಕಾ ಒಬ್ಬರ ಟ್ರಂಕಿನಲ್ಲಿ ಅಂಥವು ಎಂಟು ಇವೆ, ಲಗ್ನದ ಧೋತರದ ಮಡಿಕೆಯೊಳಗೆ! ಒಂದು ದಿನ ತೆಗೆದು ತೋರಿಸಿದರು. ಎಂಟರಲ್ಲಿ ಎರಡು ಒಬ್ಬನೇ ನಟನವು. ಎರಡನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದೆ. ಸಹಿಯ ಬಾಲ ಸಹ ಒಂದೇ ಕಡೆ ಮುಗಿಯುತ್ತದೆ, ಕೂದಲೆಳೆಯಷ್ಟೂ ಫರಕಿಲ್ಲ.

ಮನುಷ್ಯನ ಕೈ ಎರಡು ಸಲ ಸಹಿ ಮಾಡಿದರೆ ಎರಡೂ ಅಚ್ಚೊತ್ತಿದಂತೆ ಬರಲಿಕ್ಕೆ ಸಾಧ್ಯವೇ? ಅದು ಫೋಟೋ ಜೊತೆಗೇ ಪ್ರಿಂಟಾದ ಸಹಿ. ಕಾಕಾನಿಗೆ ನಾನು ಹೇಳಲಿಲ್ಲ. ಹೇಳಿ ಏನು ಸಿಗಬೇಕಾಗಿತ್ತು?

ತಾರೆಯರದು ತಪ್ಪು ಅನ್ನೋದಿಲ್ಲ ನಾನು. ದಿನಕ್ಕೆ ಎರಡು ಶಿಫ್ಟ್ ಶೂಟಿಂಗ್, ಮನೆಗೆ ಬಂದರೆ ಗೋಣಿಚೀಲದ ತುಂಬ ಕಾಗದ. ಯಾರ ಕೈ ತಾನೇ ಓಡೀತು? ಆಫೀಸಿನ ಹುಡುಗ ಸಹಿ ಹಾಕುವುದು, ರಬ್ಬರ್ ಸ್ಟಾಂಪು ಒತ್ತುವುದು, ಪ್ರಿಂಟ್ ಹಾಕಿಸುವುದು ಎಲ್ಲಾ ದೇಶದಲ್ಲೂ ಇದ್ದದ್ದೇ. ಅದಕ್ಕೇ ನಾನು ಮೆರೆಯುತ್ತಿರುವವರಿಗೆ ಬರೆಯುವುದಿಲ್ಲ. ಆಟ ಮುಗಿಸಿ ಮನೆ ಸೇರಿದವರಿಗೆ ಬರೀತೀನಿ.

ಈ ಹುಚ್ಚು ನನ್ನೊಬ್ಬನದೇ ಅಂದುಕೊಂಡಿದ್ದೆ. ಅಮೆರಿಕದವರ ಹುಚ್ಚಿನ ಮುಂದೆ ನನ್ನದು ಯಾವ ಲೆಕ್ಕ! ಅಲ್ಲಿ ಬೇಸ್‌ಬಾಲ್ ಅಂತ ಆಟ, ನಮ್ಮ ಕ್ರಿಕೆಟ್ಟಿನ ದೂರದ ದಾಯಾದಿ ಅನ್ನಿ. ಬಬಲ್ ಗಮ್ ಪೊಟ್ಟಣದಲ್ಲಿ ಆಟಗಾರರ ಫೋಟೋ ಕಾರ್ಡು ಇಟ್ಟು ಮಾರುವ ಪದ್ಧತಿ ಅಲ್ಲಿ ಬಹಳ ಹಳೆಯದು. ನಮ್ಮಲ್ಲೂ 1980ರ ದಶಕದ ಕೊನೆಗೆ ಬಿಗ್ ಫನ್ ಗಮ್ಮಿನ ಜೊತೆ ಕ್ರಿಕೆಟಿಗರ ಕಾರ್ಡು ಬರುತ್ತಿದ್ದವಲ್ಲ, ನಿಮ್ಮ ಅಣ್ಣಂದಿರನ್ನು ಕೇಳಿ. ಅಮೆರಿಕದ ಅಭಿಮಾನಿ ಆ ಕಾರ್ಡನ್ನು ಲಕೋಟೆಗೆ ಹಾಕಿ, ತನ್ನ ವಿಳಾಸ ಬರೆದು ಸ್ಟಾಂಪು ಹಚ್ಚಿದ ಇನ್ನೊಂದು ಲಕೋಟೆಯನ್ನೂ ಒಳಗಿಟ್ಟು, ನಿವೃತ್ತ ಆಟಗಾರನಿಗೆ ಪೋಸ್ಟ್ ಮಾಡುತ್ತಾನೆ. ಅವರು ಸಹಿ ಹಾಕಿ ಅದೇ ಲಕೋಟೆಯಲ್ಲಿ ವಾಪಸ್ ಕಳಿಸುತ್ತಾರೆ. ಇಂಥ ವಿಳಾಸಗಳದೇ ಪುಸ್ತಕ ಅಚ್ಚಾಗಿ ಮಾರಾಟವಾಗಿವೆ ಸ್ವಾಮೀ!

ಬಾಬ್ ಫೆಲರ್ ಅಂತ ಒಬ್ಬ ಭಾರೀ ಬಿರುಸಿನ ಪಿಚರ್, ಅಂದರೆ ಅವರ ಬೌಲರ್ ಇದ್ದರು. 2010ರಲ್ಲಿ ತೀರಿಕೊಂಡರು. ಕೇಳಿದವರಿಗೆಲ್ಲ ಎಷ್ಟು ಸಹಿ ಹಾಕಿದ್ದರೆಂದರೆ, ಫೆಲರ್ ಸಹಿ ಇಲ್ಲದ ಚೆಂಡೇ ಅಪರೂಪ ಅಂತ ಅಲ್ಲಿ ಜೋಕು ಮಾಡುತ್ತಿದ್ದರು. ಇನ್ನೊಬ್ಬರು ಹಾರ್ಮನ್ ಕಿಲ್ಲೆಬ್ರೂ, 573 ಹೋಮ್ ರನ್ ಬಾರಿಸಿದ ಗಂಡು. 1975ರಲ್ಲಿ ಆಟ ಬಿಟ್ಟರು, 2011ರಲ್ಲಿ ಹೋದರು. ಅವರ ಸಹಿಯನ್ನು ಒಂದನೇ ಇಯತ್ತೆಯ ಹುಡುಗನೂ ಓದಬಹುದಿತ್ತು. ಟೋರಿ ಹಂಟರ್ ಎಂಬ ಹೊಸ ಆಟಗಾರ ಗೀಚಿದ್ದನ್ನು ನೋಡಿ, ಇದೇನಪ್ಪ ಇದು, ನಿನ್ನ ಹೆಸರು ಓದಲಿಕ್ಕಾದರೂ ಬರಬೇಕಲ್ಲ ಅಂತ ಹಿರಿಯಣ್ಣನ ಹಾಗೆ ತಿದ್ದಿದರಂತೆ. ಹಂಟರ್ ಆಮೇಲೆ ಬಿಡಿಸಿ ಬಿಡಿಸಿ ಸಹಿ ಹಾಕಲು ಕಲಿತ. ನಮ್ಮ ಈಗಿನ ಹೀರೋಗಳ ಸಹಿ ನೋಡಿದ್ದೀರಾ? ಇರುವೆ ಇಂಕಿಗೆ ಬಿದ್ದು ಎದ್ದು ಹೋದ ಹಾಗೆ!

ಆದರೆ ಅಲ್ಲೂ ರೊಕ್ಕ ಬಂತು, ಹುಳ ಬಿತ್ತು. ಒಂದು ಕಾರ್ಡು ಕಳಿಸುವವರು ಹತ್ತು ಕಳಿಸತೊಡಗಿದರು. ಒಂದು ತಮಗೆ, ಒಂಬತ್ತು ಬಜಾರಕ್ಕೆ. ಮುದುಕರಿಗೆ ಗೊತ್ತಾಗದೇ ಇರುತ್ತದೆಯೇ? ಕೆಲವರು ಸಹಿಗೆ ದರ ಕಟ್ಟಿದರು, ಕೆಲವರು ಕಾಗದ ಒಡೆಯುವುದನ್ನೇ ಬಿಟ್ಟರು. ನಕಲಿ ಸಹಿಯ ಕಾರಖಾನೆಗಳೂ ಹುಟ್ಟಿಕೊಂಡವು. 1990ರ ದಶಕದಲ್ಲಿ ಅಲ್ಲಿಯ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಅಂತ ದೊಡ್ಡ ಜಾಲ ಬೀಸಿತು. ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ ಸಹಿ ಇರುವ ಬೇಸ್‌ಬಾಲ್ ಚೆಂಡುಗಳೂ ಇದ್ದವಂತೆ! ಕಲ್ಕತ್ತೆಯ ಆ ತಾಯಿಗೂ ಬೇಸ್‌ಬಾಲಿಗೂ ಎಲ್ಲಿಯ ನಂಟು?

ಈಗ ತಿಳೀತಲ್ಲ, ನಾನು ಐವತ್ತು ಅಡ್ರೆಸ್ ಯಾಕೆ ಅಚ್ಚು ಹಾಕುವುದಿಲ್ಲ ಅಂತ. ಈ ವಾರ ಹಾಕಿದರೆ ಮುಂದಿನ ವಾರ ಆ ಐವತ್ತು ಮನೆಗಳ ಬಾಗಿಲಿಗೆ ಗೋಣಿಚೀಲ.

ಹಾಗಾದರೆ ಬರೆಯುವುದು ಹ್ಯಾಂಗ? ಆಟಗಾರರಾದರೆ ಅವರು ಆಡಿದ ಕ್ಲಬ್ಬಿಗೆ, ಸಿನಿಮಾದವರಾದರೆ ಬೆಂಗಳೂರಿನ ಚಲನಚಿತ್ರ ವಾಣಿಜ್ಯ ಮಂಡಳಿಗೆ ಬರೆದು, "ದಯವಿಟ್ಟು ಇಂಥವರಿಗೆ ತಲುಪಿಸಿ" ಅಂತ ಕೇಳಿಕೊಳ್ಳಿ. ತಡವಾಗುತ್ತದೆ, ಆಗಲಿ. ಒಳಗೆ ನಿಮ್ಮ ವಿಳಾಸ ಬರೆದು ಐದು ರೂಪಾಯಿ ಸ್ಟಾಂಪು ಹಚ್ಚಿದ ಲಕೋಟೆ ಇರಲೇಬೇಕು. ಫೋಟೋ ಇಟ್ಟರೆ ತೂಕ ಮಾಡಿಸಿ ಹಚ್ಚಿ. ಸ್ಟಾಂಪು ಕಮ್ಮಿ ಬಿದ್ದರೆ ಬೇರಿಂಗ್ ಆಗಿ, ಕಾಗದ ಪಡೆಯುವವರೇ ಕಮ್ಮಿ ಬಿದ್ದ ಹಣದ ದುಪ್ಪಟ್ಟು ಕೊಡಬೇಕಾಗುತ್ತದೆ. ಫೋಟೋ ಮಡಚದಂತೆ ಹಳೇ ಲಗ್ನಪತ್ರಿಕೆಯ ದಪ್ಪ ಹಾಳೆ ಕತ್ತರಿಸಿ ಒಳಗಿಡಿ, ನಮ್ಮ ಮನೆಗಳಲ್ಲಿ ಅದಕ್ಕೇನು ಬರವೇ? ಮತ್ತೆ, ಸ್ಪೀಡ್ ಪೋಸ್ಟ್ ಬೇಡ, ಸಾದಾ ಟಪಾಲು ಸಾಕು. ಎಂಬತ್ತು ದಾಟಿದ ಹಿರಿಯರು ಕೋಲೂರಿಕೊಂಡು ಬಾಗಿಲಿಗೆ ಬಂದು, ನಿಮಗೆ ಸಹಿ ಹಾಕುವ ಮುಂಚೆ ಪೋಸ್ಟ್‌ಮನ್‌ಗೆ ಸಹಿ ಹಾಕಬೇಕೇನು!

ಎಲ್ಲಕ್ಕಿಂತ ಮುಖ್ಯ, ಒಂದು ಪ್ರಶ್ನೆ ಕೇಳಿ. "ನಾನು ನಿಮ್ಮ ಮಹಾ ಅಭಿಮಾನಿ" ಅಂತ ನಾಲ್ಕು ಪುಟ ಬರೆದರೆ ಅವರು ಏನಂತ ಉತ್ತರ ಬರೀಬೇಕು? ಅವರು ಮಾಡಿದ ಕೆಲಸ ಗೊತ್ತಿದ್ದವನು ಮಾತ್ರ ಕೇಳಬಲ್ಲ ಪ್ರಶ್ನೆ ಇರಬೇಕು. ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿ ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137 ಹೊಡೆದರು. 137ರ ಬಗ್ಗೆ ಎಲ್ಲರೂ ಕೇಳಿರುತ್ತಾರೆ. ಸೊನ್ನೆಗೆ ಔಟಾದ ದಿನ ರಾತ್ರಿ ಊಟ ಸೇರಿತಾ ಅಂತ ಕೇಳಿದವರು ಎಷ್ಟು ಜನ? 1999ರ ಫೆಬ್ರವರಿ 7ರಂದು ದಿಲ್ಲಿಯಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದಾಗ ಅಂಪೈರ್ ಆಗಿ ಬೆರಳೆತ್ತಿದವರು ಎ.ವಿ. ಜಯಪ್ರಕಾಶ್, ಕರ್ನಾಟಕಕ್ಕೆ ರಣಜಿ ಆಡಿದವರು. ಒಂಬತ್ತಾದ ಮೇಲೆ ಹತ್ತನೆಯದಕ್ಕೆ ಬೆರಳು ನಡುಗಿತಾ ಸರ್? ಇದು ಪ್ರಶ್ನೆ! ಬಿ.ಎಸ್. ಚಂದ್ರಶೇಖರ್ ಪೋಲಿಯೋ ಬಡಿದ ಬಲಗೈಯಲ್ಲೇ ಬೌಲ್ ಮಾಡಿ 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತರು, ಭಾರತ ಇಂಗ್ಲೆಂಡಿನಲ್ಲಿ ಮೊದಲ ಸಲ ಟೆಸ್ಟ್ ಗೆದ್ದಿತು. ಅಂಥ ಕೈಯನ್ನು ಸಹಿ ಕೇಳುವಾಗ ಸ್ವಲ್ಪ ವಿಚಾರ ಮಾಡಿ ಕೇಳಬೇಕೋ ಬೇಡವೋ?

ನನಗೆ ಮೂರು ಕಾಗದಕ್ಕೆ ಒಂದರಂತೆ ಉತ್ತರ ಬರುತ್ತದೆ. ಪಿಯುಸಿ ಅರ್ಧಕ್ಕೆ ಬಿಟ್ಟು ಬಿಡಿ ಲೇಖನ ಬರೆದು ಹೊಟ್ಟೆ ಹೊರೆಯುವವನ ಮನೆಗೆ ಇಷ್ಟು ಟಪಾಲು ಬರುವುದು ನೋಡಿ ನಮ್ಮೂರ ಟಪಾಲಿನವರಿಗೇ ಅಚ್ಚರಿ. "ಏನಪ್ಪಾ, ನೌಕರಿ ಬಂತೇನು?" ಅಂತ ಪ್ರತಿ ಸಲವೂ ಕೇಳುತ್ತಾರೆ.

ನನ್ನ ಊರು ಗೋರ್ಟಾ (ಬಿ). ಆ ಬಿ ಬಿಡಬಾರದು. ಬಿ ಅಂದರೆ ಬುದ್ರುಕ್, ದೊಡ್ಡದು. ಕೆ ಅಂದರೆ ಖುರ್ದ್, ಸಣ್ಣದು. ನಿಜಾಮನ ಕಾಲದಿಂದ ನಮ್ಮ ಕಡೆ ಊರ ಹೆಸರಿನ ಬಾಲಕ್ಕೆ ಈ ಅಕ್ಷರ ಅಂಟಿಕೊಂಡಿವೆ, ಬೆಂಗಳೂರಿನವರಿಗೆ ಇದು ಯಾವುದೋ ಬ್ಲಾಕ್ ನಂಬರಿನ ಹಾಗೆ ಕಾಣುತ್ತದೆ. ಈ ಬಿ ಅಕ್ಷರದಿಂದಲೇ ನನಗೊಬ್ಬ ಹಿರಿಯರ ಸ್ನೇಹವಾಯಿತು.

ಅವರ ಹೆಸರು ಬರೆಯುವುದಿಲ್ಲ. ನಮ್ಮ ತಂಡಕ್ಕೆ ಇನ್ನೂ ಮೈಸೂರು ಅಂತ ಹೆಸರಿದ್ದ ಕಾಲದಲ್ಲಿ ಬೆರಳೆಣಿಕೆಯ ರಣಜಿ ಮ್ಯಾಚ್ ಆಡಿದವರು. ಮುಂದೆ 1974ರಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ, ಸತತ 15 ವರ್ಷ ರಣಜಿ ಗೆದ್ದಿದ್ದ ಬೊಂಬಾಯಿಯನ್ನು ಸೆಮಿಫೈನಲ್ಲಿನಲ್ಲಿ ಮಣಿಸಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕಪ್ ತಂದಾಗ ಇವರು ತಂಡದಲ್ಲಿರಲಿಲ್ಲ. ನಾನು ಕೇಳಿದ್ದು ಅದನ್ನೇ: "ಸಾಹೇಬರೇ, ಆ ಮ್ಯಾಚ್ ನಡೆಯುವಾಗ ನೀವು ಎಲ್ಲಿದ್ದಿರಿ?"

ನಲವತ್ತು ದಿನಕ್ಕೆ ಉತ್ತರ ಬಂತು. ಬಾಲ್ ಪೆನ್ನು, ನಡುಗುವ ಅಕ್ಷರ, ಸಾಲು ಮೇಲಕ್ಕೇರಿ ಕೆಳಗಿಳಿಯುತ್ತವೆ. ಆಫೀಸಿಗೆ ರಜೆ ಹಾಕಿ ಸೆಮಿಫೈನಲ್ ನೋಡಲು ಹೋಗಿದ್ದರಂತೆ, ಟಿಕೆಟ್ ಕೊಂಡು! ಗೇಟಿನವನಿಗೆ ಗುರುತು ಸಿಗಲಿಲ್ಲ, ಇವರೂ ಹೇಳಿಕೊಳ್ಳಲಿಲ್ಲ. ಸಹಿಯ ಕೆಳಗೆ ಒಂದು ಸಾಲು: "ಗೋರ್ಟಾ ಎಂದರೆ 1948ರ ಗೋರ್ಟಾವೇ? ಬಿ ಎಂದರೆ ಏನು?"

ಹೌದು ಸಾಹೇಬರೇ, ರಜಾಕಾರರು ನೆತ್ತರು ಹರಿಸಿದ ಗೋರ್ಟಾ ಅದೇ, ಅಂತ ಬರೆದೆ. ಬಿ ಅರ್ಥವನ್ನೂ ಬರೆದೆ. ಆಮೇಲೆ ಅವರಿಗೇ ಕುತೂಹಲ. ನಿಮ್ಮೂರಲ್ಲಿ ಹುಡುಗರು ಎಲ್ಲಿ ಆಡ್ತಾರೆ, ಕಪ್ಪು ಮಣ್ಣಿನ ಮೇಲೆ ಚೆಂಡು ಎಷ್ಟು ತಿರುಗುತ್ತದೆ, ಮಳೆ ಬಿದ್ದು ಒಣಗಿದ ಮೇಲೆ ಹೇಗೆ? ತೊಗರಿ ಕೊಯ್ದ ಹೊಲದಲ್ಲಿ ಆಡುತ್ತೇವೆ, ಬಿರುಕಿಗೆ ಬಿದ್ದರೆ ಚೆಂಡು ಮೊಣಕಾಲಿಗೂ ಏಳುವುದಿಲ್ಲ ಅಂತ ನಾನು. ಹಾಗಾದರೆ ನಾನು ನಿಮ್ಮೂರಲ್ಲಿ ಹುಟ್ಟಬೇಕಿತ್ತು ಅಂತ ಅವರು. ಎರಡು ವರ್ಷದಲ್ಲಿ ಏಳು ಕಾಗದ. ಎರಡನೆಯದರ ನಂತರ ಸಹಿ ಕೇಳುವುದನ್ನೇ ನಾನು ಮರೆತಿದ್ದೆ. ಎಂಟನೆಯದರ ಮೇಲಿನ ವಿಳಾಸ ಬೇರೆ ಕೈಯದು. ಒಡೆಯುವ ಮೊದಲೇ ಗೊತ್ತಾಯಿತು.

ಮಗಳು ಬರೆದಿದ್ದರು. ಅಪ್ಪಾಜಿ ಹೋಗಿ ಹದಿನೈದು ದಿನವಾಯಿತು, ನಿಮ್ಮ ಕಾಗದಗಳನ್ನು ಕನ್ನಡಕದ ಡಬ್ಬಿಯ ಹತ್ತಿರವೇ ಇಟ್ಟುಕೊಂಡಿದ್ದರು, ಅಂತ.

ಇದೇ ಹೊತ್ತಿಗೆ ನನ್ನ ಸುದ್ದಿ ಎಲ್ಲಿಂದಲೋ ತಿಳಿದು ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಫೋನು ಮಾಡಿದ. ಸಿನಿಮಾದವರದು, ಆಟಗಾರರದು ಏನಿದ್ದರೂ ಕೊಳ್ಳುತ್ತಾನಂತೆ. ಏಳು ಕಾಗದಕ್ಕೆ ಅವನು ಹೇಳಿದ ಹಣ ನನ್ನ ಎರಡು ತಿಂಗಳ ಬರವಣಿಗೆಯ ಸಂಪಾದನೆ, ಸುಳ್ಳು ಹೇಳಲಾರೆ. "ಆದ್ಮೀ ಹೋಗ್ಯಾನಲ್ಲ, ಇನ್ನು ರೇಟ್ ಏರ್ತದ. ನೀವು ಹೂಂ ಅನ್ರಿ ಸಾಕು," ಅಂದ. ವಿಚಾರ ಮಾಡ್ತೀನಿ ಅಂತ ಫೋನ್ ಇಟ್ಟೆ. ವಿಚಾರ ಮಾಡಿದ್ದೂ ನಿಜ. ಮನೆಯಲ್ಲಿ ಅವ್ವನ ಕಣ್ಣಿನ ಆಪರೇಷನ್ ಬಾಕಿ ಇತ್ತು.

ಸಿನಿಮಾ ಪತ್ರಿಕೆಯಲ್ಲಿ ಬರೀ ಕ್ರಿಕೆಟ್ ಯಾಕಯ್ಯಾ ಅಂತ ಸಂಪಾದಕರು ಕೇಳುವ ಮೊದಲೇ ಒಂದು ಮಾತು. ನಮ್ಮ ಚಿತ್ರರಂಗದ ಹಿರಿಯರು ಹೇಗೆ ಹೋಗುತ್ತಿದ್ದಾರೆ ಗಮನಿಸಿದ್ದೀರಾ? ಸೋಲದೇವನಹಳ್ಳಿಯ ತೋಟದ ಮನೆ ಸೇರಿ, ಅಲ್ಲಿಯ ಜನಕ್ಕೆ ಆಸ್ಪತ್ರೆ ಕಟ್ಟಿಸಿದ ಲೀಲಾವತಿಯಮ್ಮ 2023ರ ಡಿಸೆಂಬರಿನಲ್ಲಿ. ದ್ವಾರಕೀಶ್ 2024ರ ಏಪ್ರಿಲ್‌ನಲ್ಲಿ. ಬಿ. ಸರೋಜಾದೇವಿ 2025ರ ಜುಲೈನಲ್ಲಿ. ಇವರು ಹೆಸರಾದವರು, ಸುದ್ದಿಯಾದರೂ ಬಂತು. ಪರದೆ ಮೇಲೆ ಎರಡೇ ನಿಮಿಷ ಬಂದು ಹೀರೋ ಕೈಲಿ ಒದೆ ತಿಂದವರು, ಬಣ್ಣ ಹಚ್ಚಿದವರು, ಟ್ರಾಲಿ ತಳ್ಳಿದವರು? ಅವರಿಗೆ ಗೋಣಿಚೀಲದ ಕಾಟವೂ ಇಲ್ಲ, ಒಂದು ಕಾರ್ಡಿನ ಭಾಗ್ಯವೂ ಇಲ್ಲ. ಹುಮನಾಬಾದಿನ ದೊರೆಗಳೇ, ಟೈಟಲ್ ಕಾರ್ಡು ಓಡುವಾಗ ಸೀಟಿ ಹೊಡೆಯುವುದು ಒಂದು ಸಲ ನಿಲ್ಲಿಸಿ, ಒಂದು ಹೆಸರು ಬರೆದುಕೊಳ್ಳಿ. ಒಂದೇ ಹೆಸರು.

ವ್ಯಾಪಾರಿಯ ವಿಷಯ ಹೇಳಿ ಮುಗಿಸ್ತೀನಿ. ಮರುವಾರ ಆ ಮಗಳಿಂದ ಇನ್ನೊಂದು ಕಾಗದ. "ಅಪ್ಪಾಜಿ ನಮಗೆ ಎಂದೂ ಕಾಗದ ಬರೆದವರಲ್ಲ, ಒಂದೇ ಮನೆಯಲ್ಲಿ ಇದ್ದೆವಲ್ಲ. ಬ್ಯಾಂಕಿನ ಚೆಕ್ಕು ಬಿಟ್ಟರೆ ಅವರ ಕೈಬರಹ ನಮ್ಮಲ್ಲಿ ಏನೂ ಇಲ್ಲ. ನಿಮ್ಮಲ್ಲಿ ಇರುವುದರ ಝೆರಾಕ್ಸ್ ಕಳಿಸಲು ಸಾಧ್ಯವೇ? ಖರ್ಚು ಕೊಡುತ್ತೇನೆ."

ಬಸವಕಲ್ಯಾಣಕ್ಕೆ ಬಸ್ ಹತ್ತಿದೆ. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಏಳೂ ಕಾಗದ, ಹಿಂದೆ ಮುಂದೆ, ಝೆರಾಕ್ಸ್ ಮಾಡಿಸಿದೆ. ಬಾಲ್ ಪೆನ್ನಿನ ಗುರುತು ಕೆಲವು ಕಡೆ ತೆಳ್ಳಗೆ ಬಂತು, ಅಂಗಡಿಯ ಹುಡುಗ ಎರಡು ಸಲ ತೆಗೆದುಕೊಟ್ಟ. ಝೆರಾಕ್ಸ್ ಪ್ರತಿ ನನ್ನ ಚೀಲಕ್ಕೆ ಹಾಕಿಕೊಂಡು, ಅಸಲು ಏಳನ್ನೂ ಲಗ್ನಪತ್ರಿಕೆಯ ಹಾಳೆಯ ನಡುವೆ ಇಟ್ಟು ಲಕೋಟೆ ಅಂಟಿಸಿದೆ. ಈ ಸಲ ಮಾತ್ರ ಸ್ಪೀಡ್ ಪೋಸ್ಟ್. ಕೌಂಟರಿನವರು ತೂಕ ಮಾಡಿ, "ಒಳಗೇನದ?" ಅಂದರು. ಕಾಗದ ಅಂದೆ. ರಸೀದಿ ಹರಿದು ಕೊಟ್ಟರು.