ತಿರಸ್ಕರಿಸಿದ ಕ್ರೇನಿನ ವರದಿ ಸರ್ಕಾರದ ಕೈಗೇ ಬರಲಿ: ಕ್ರೇನ್ ಪರೀಕ್ಷಕರ ಮನವಿ ಪತ್ರ

ಇವರಿಗೆ,
ಸರ್ಕಾರದ ಪ್ರಧಾನ ಕಾರ್ಯದರ್ಶಿಯವರು,
ಕಾರ್ಮಿಕ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು.

ಇವರಿಂದ,
ರಾಜ್ಯದ ಕ್ರೇನ್ ಪರೀಕ್ಷಕರು, ಆಪರೇಟರುಗಳು ಮತ್ತು ಭಾರ ಕಟ್ಟುವ ರಿಗ್ಗರುಗಳ ಪರವಾಗಿ ಕೆಳಗೆ ಸಹಿ ಮಾಡಿರುವವರು.

ವಿಷಯ: ‘ಬಳಕೆಗೆ ಯೋಗ್ಯವಲ್ಲ’ ಎಂಬ ಕ್ರೇನ್ ಪರೀಕ್ಷಾ ವರದಿಯನ್ನು ಪರೀಕ್ಷಕರೇ ನೇರವಾಗಿ ಸರ್ಕಾರಕ್ಕೆ ಕಳುಹಿಸುವ ವ್ಯವಸ್ಥೆ, ಅಪಘಾತ ತನಿಖಾ ವರದಿಗಳ ಪ್ರಕಟಣೆ ಹಾಗೂ ಇತರ ಬೇಡಿಕೆಗಳ ಕುರಿತು.

ಉಲ್ಲೇಖ: ಇದೇ ವಿಷಯವಾಗಿ ಈ ಹಿಂದೆ ಸಲ್ಲಿಸಿ, ಇಂದಿನವರೆಗೂ ಹಿಂಬರಹ ಕಾಣದ ನಮ್ಮ ಮನವಿಗಳು.

ಮಾನ್ಯರೇ,

ಕಾನೂನು ಏನು ಹೇಳುತ್ತದೆಂದು ತಮಗೆ ತಿಳಿಸಿಕೊಡಲು ನಾವು ಈ ಪತ್ರ ಬರೆಯುತ್ತಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 29ನೇ ಕಲಂ ಆಗಲಿ, ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಮತ್ತು ಅದರ 1998ರ ಕೇಂದ್ರ ನಿಯಮಗಳಾಗಲಿ ತಮ್ಮ ಕಚೇರಿಗೆ ಹೊಸವಲ್ಲ. ಹನ್ನೆರಡು ತಿಂಗಳಿಗೊಮ್ಮೆಯಾದರೂ ಸಕ್ಷಮ ವ್ಯಕ್ತಿ, ಅಂದರೆ ಪರೀಕ್ಷಕ, ಕ್ರೇನನ್ನು ಕೂಲಂಕಷವಾಗಿ ಪರೀಕ್ಷಿಸಬೇಕು, ಅದರ ವಿವರ ವಹಿಯಲ್ಲಿರಬೇಕು. ಇಷ್ಟರ ಮಟ್ಟಿಗೆ ನಮ್ಮ ತಕರಾರಿಲ್ಲ. ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ಈ ಕ್ರೇನ್ ಸರಿಯಿಲ್ಲ, ನಿಲ್ಲಿಸಿ ಎಂದು ಪರೀಕ್ಷಕ ಬರೆದರೆ ಆ ಕಾಗದ ಯಾರ ಕೈ ಸೇರಬೇಕು? ಇಂದು ಅದು ಸೇರುವುದು ಯಾರು ಕ್ರೇನನ್ನು ನಿಲ್ಲಿಸಲು ಇಷ್ಟಪಡುವುದಿಲ್ಲವೋ ಅವರ ಕೈಯನ್ನೇ. ಒಪ್ಪಿಗೆಯ ವರದಿ ಫೈಲಿಗೆ ಹೋಗುತ್ತದೆ, ಟೆಂಡರಿಗೆ ಹೋಗುತ್ತದೆ, ವಿಮಾ ಕಂಪನಿಗೆ ಹೋಗುತ್ತದೆ. ತಿರಸ್ಕಾರದ ವರದಿ ಎಲ್ಲಿಗೂ ಹೋಗುವುದಿಲ್ಲ. ಈ ಪತ್ರದ ಸಾರವೆಲ್ಲ ಇಷ್ಟೇ.

ಪರೀಕ್ಷಕನನ್ನು ಆರಿಸುವವರು ಮಾಲೀಕರು, ಶುಲ್ಕ ಕೊಡುವವರು ಮಾಲೀಕರು, ಮುಂದಿನ ವರ್ಷ ಮತ್ತೆ ಕರೆಯಬೇಕೋ ಬೇಡವೋ ಎಂದು ತೀರ್ಮಾನಿಸುವವರೂ ಅವರೇ. ಕಂಪನಿಗಳ ಲೆಕ್ಕಪರಿಶೋಧಕರ ಸ್ಥಿತಿಯೂ ಹೆಚ್ಚು ಕಡಿಮೆ ಹೀಗೆಯೇ. ಆದರೆ ಒಂದು ಕೋಟಿ ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ವಂಚನೆ ಕಣ್ಣಿಗೆ ಬಿದ್ದರೆ ಅವರು ಅದನ್ನು ಕೇಂದ್ರ ಸರ್ಕಾರಕ್ಕೆ ವರದಿ ಮಾಡಲೇಬೇಕು. 2013ರ ಕಂಪನಿ ಕಾಯ್ದೆಯ 143(12)ನೇ ಕಲಂ ಹಾಗೆಂದು ಕಟ್ಟುಮಾಡಿದೆ. ಹಣಕ್ಕೆ ಸಿಕ್ಕಿರುವ ಈ ರಕ್ಷಣೆ ಹುಕ್ಕಿನ ಕೆಳಗೆ ನಿಂತವನ ತಲೆಗೆ ಸಿಕ್ಕಿಲ್ಲ. ಇದರ ಫಲವನ್ನು ಅನುಬಂಧ 1ರಲ್ಲಿ ನೋಡಬಹುದು. ಅಲ್ಲಿ ಒಂದೇ ಗ್ಯಾಂಟ್ರಿ ಕ್ರೇನಿಗೆ ಸೇರಿದ ಎರಡು ವರದಿಗಳಿವೆ. ತಯಾರಕರ ಕ್ರಮಸಂಖ್ಯೆ ಒಂದೇ, ಸಾಮರ್ಥ್ಯ ಒಂದೇ, ನಿಂತ ಶೆಡ್ಡೂ ಒಂದೇ. ಹುಕ್ ಮೇಲಕ್ಕೆ ಏರಿ ಡ್ರಮ್ಮಿಗೆ ಬಡಿಯದಂತೆ ತಡೆಯುವ ಲಿಮಿಟ್ ಸ್ವಿಚ್ಚನ್ನು ಬೈಪಾಸ್ ಮಾಡಲಾಗಿದೆ, ವೈರ್ ರೋಪ್ ಬದಲಿಸುವವರೆಗೆ ಕ್ರೇನ್ ಬಳಸಕೂಡದು ಎಂದು ಮೊದಲನೆಯ ವರದಿ ಹೇಳುತ್ತದೆ. ಎರಡನೆಯದು ಅದೇ ವಾರ ಮತ್ತೊಬ್ಬರು ಕೊಟ್ಟದ್ದು. ಅದರ ಎಲ್ಲ ಕಾಲಮ್ಮುಗಳಲ್ಲೂ ‘ತೃಪ್ತಿಕರ’. ನಡುವೆ ಹೊಸ ರೋಪ್ ಕೊಂಡ ಬಿಲ್ಲಾಗಲಿ, ದುರಸ್ತಿಯ ದಾಖಲೆಯಾಗಲಿ ಇಲ್ಲ. ಘಟಕದ ಹೆಸರನ್ನು ಇಲ್ಲಿ ಬರೆದಿಲ್ಲ. ಮುಚ್ಚಿದ ಲಕೋಟೆಯಲ್ಲಿ ಪ್ರತ್ಯೇಕವಾಗಿ ಸಲ್ಲಿಸಿದ್ದೇವೆ. ತೆರೆದು ನೋಡುವ ಕೃಪೆ ಮಾಡಬೇಕು.

ಇಂಥ ‘ತೃಪ್ತಿಕರ’ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಅನುಬಂಧ 2 ಸಾಕ್ಷಿ. 20 ಟನ್‌ವರೆಗಿನ ಎತ್ತುವ ಯಂತ್ರಕ್ಕೆ ಅದರ ಸುರಕ್ಷಿತ ಕಾರ್ಯಭಾರಕ್ಕಿಂತ ಶೇ 25ರಷ್ಟು ಹೆಚ್ಚು ತೂಕ ಎತ್ತಿಸಿ ಪರೀಕ್ಷಿಸುವುದು ಪದ್ಧತಿ. ಅಂದರೆ 10 ಟನ್ ಕ್ರೇನಿಗೆ 12.5 ಟನ್. ಲಗತ್ತಿಸಿರುವ ಪ್ರಮಾಣಪತ್ರ ಈ ಪರೀಕ್ಷೆ ನಡೆಯಿತೆಂದೇ ಹೇಳುತ್ತದೆ. ಜೊತೆಗಿರುವುದು ಅದೇ ದಿನದ ಗೇಟ್ ವಹಿಯ ಪ್ರತಿ. ತೂಕದ ಬ್ಲಾಕುಗಳನ್ನು ಹೊತ್ತ ಲಾರಿ ಒಳಗೆ ಬಂದದ್ದೂ ಇಲ್ಲ, ಹೊರಗೆ ಹೋದದ್ದೂ ಇಲ್ಲ. ಅಷ್ಟು ತೂಕದ ಸರಕು ಘಟಕದ ದಾಸ್ತಾನಿನಲ್ಲೂ ಇರಲಿಲ್ಲ. ಹನ್ನೆರಡೂವರೆ ಟನ್ ಯಾರ ಜೇಬಿನಲ್ಲೂ ಬರುವುದಿಲ್ಲ. ಇಂಥ ಪ್ರಮಾಣಪತ್ರಕ್ಕೂ ನಿಜವಾದ ಪರೀಕ್ಷೆಗೂ ಎಷ್ಟು ಅಂತರವಿದೆ ಎಂಬುದನ್ನು ಒಂದು ರೋಪಿನಲ್ಲೇ ಅಳೆಯಬಹುದು. ರೋಪಿನ ವ್ಯಾಸದ ಎಂಟು ಪಟ್ಟು ಉದ್ದದಲ್ಲಿ ಕಣ್ಣಿಗೆ ಕಾಣುವ ತುಂಡಾದ ತಂತಿಗಳು ಒಟ್ಟು ತಂತಿಗಳ ಶೇ 10ನ್ನು ಮೀರಿದರೆ ಅದನ್ನು ಬಳಸಕೂಡದೆಂದು ಕಟ್ಟಡ ಕಾಮಗಾರಿಯ ನಿಯಮ ಹೇಳುತ್ತದೆ. ಆರು ಎಳೆ, ಎಳೆಗೆ 36 ತಂತಿಗಳ ರೋಪಿನಲ್ಲಿ 216 ತಂತಿಗಳಿರುತ್ತವೆ. ಅದು 20 ಮಿಲಿಮೀಟರ್ ದಪ್ಪದ್ದಾದರೆ 160 ಮಿಲಿಮೀಟರ್ ಉದ್ದದೊಳಗೆ, ಅಂದರೆ ಒಂದು ಗೇಣಿಗೂ ಕಡಿಮೆ ಜಾಗದಲ್ಲಿ, ತುಂಡಾದ 22 ತಂತಿ ಕಂಡರೆ ರೋಪಿನ ಆಯುಷ್ಯ ಮುಗಿಯಿತು. ಆ 22ನ್ನು ಎಣಿಸಬೇಕಾದರೆ ಗ್ರೀಸ್ ಕೆರೆದು ತೆಗೆಯಬೇಕು, ಬಟ್ಟೆ ಸುತ್ತಿ ರೋಪಿನುದ್ದಕ್ಕೂ ಎಳೆದು ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ನೋಡಬೇಕು, ರೋಪ್ ಹೆಚ್ಚು ಚಲಿಸದ ಈಕ್ವಲೈಸರ್ ರಾಟೆಯ ಬಳಿಗೆ ಏಣಿ ಹತ್ತಬೇಕು. ಅಷ್ಟು ಹೊತ್ತೂ ಕ್ರೇನ್ ನಿಂತಿರಬೇಕು. ಕ್ರೇನ್ ನಿಲ್ಲಿಸಿ ಎನ್ನುವವನಿಗಿಂತ ಕಚೇರಿಯಲ್ಲಿ ಕುಳಿತು ಸಹಿ ಹಾಕುವವನೇ ಅಗ್ಗ. ತಿರಸ್ಕಾರಕ್ಕೆ ಯಾವ ಪರಿಣಾಮವೂ ಇಲ್ಲದ ಕಡೆ ಅಗ್ಗದವನೇ ಗೆಲ್ಲುತ್ತಾನೆ. ಇದರಲ್ಲಿ ಯಾರೊಬ್ಬರ ದುಷ್ಟತನವನ್ನೂ ಹುಡುಕಬೇಕಾಗಿಲ್ಲ. ವ್ಯವಸ್ಥೆಯೇ ಅಂಥವನನ್ನು ಬೆಳೆಸುತ್ತಿದೆ.

ಅಪಘಾತವಾದ ಮೇಲೆ ಇದೇ ಕಾಗದ ಮತ್ತೊಮ್ಮೆ ಕೆಲಸಕ್ಕೆ ಬರುತ್ತದೆ. ಪೊಲೀಸರು ಮೊದಲು ಕೇಳುವುದು ಪ್ರಮಾಣಪತ್ರವನ್ನು. ಅದು ಇದೆ, ಅವಧಿಯೂ ಮುಗಿದಿಲ್ಲ. ಯಂತ್ರ ಸರಿಯಿತ್ತು ಎಂದಾದ ಮೇಲೆ ಉಳಿಯುವವನು ಆಪರೇಟರ್ ಒಬ್ಬನೇ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅವನನ್ನು ಹುಡುಕಿಕೊಂಡು ಬರುತ್ತದೆ. ಭಾರ ಹೊತ್ತು ಸಾಗುವ ‘ಹೈಡ್ರಾ’ ಕ್ರೇನುಗಳು ಮಗುಚಿದ ಪ್ರಕರಣಗಳನ್ನೇ ನೋಡಿ. ಬೂಮಿನ ಮೇಲೆ 14 ಟನ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಆ 14 ಟನ್ ಬೂಮನ್ನು ಒಳಗೆಳೆದು, ಯಂತ್ರವನ್ನು ನೇರವಾಗಿ ನಿಲ್ಲಿಸಿದಾಗಿನ ಲೆಕ್ಕ. ಬೂಮ್ ಚಾಚಿ, ನಡು ತಿರುಗಿಸಿ, ಏರುತಗ್ಗಿನ ನೆಲದಲ್ಲಿ ಭಾರ ಹೊತ್ತು ಸಾಗುವಾಗ ಅದರ ಒಂದು ಪಾಲಷ್ಟೇ ಉಳಿದಿರುತ್ತದೆ. ಕ್ಯಾಬಿನ್ನಿನಲ್ಲಿ ಲೋಡ್ ಚಾರ್ಟ್ ಇತ್ತೇ, ಸೂಚಕ ಕೆಲಸ ಮಾಡುತ್ತಿತ್ತೇ, ಎತ್ತು ಎಂದು ಹೇಳಿದವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವ ಮೊದಲೇ ಚಾಲಕನ ನಿರ್ಲಕ್ಷ್ಯ ಎಂಬ ಎರಡು ಪದಗಳಲ್ಲಿ ಕಡತ ಮುಗಿಯುತ್ತದೆ. ಸಾವು ಸಂಭವಿಸಿದ ಸೂಚನೆ ಬಂದ ಒಂದು ತಿಂಗಳೊಳಗೆ ವಿಚಾರಣೆ ನಡೆಯಬೇಕೆಂದು ಕಾರ್ಖಾನೆಗಳ ಕಾಯ್ದೆಯ 88ನೇ ಕಲಂ ವಿಧಿಸಿತ್ತು. ವಿಚಾರಣಾ ವರದಿಯನ್ನು ಸರ್ಕಾರ ಪ್ರಕಟಿಸಬಹುದೆಂದು 90ನೇ ಕಲಂ ಹೇಳಿತ್ತು. ‘ಪ್ರಕಟಿಸಬಹುದು’ ಎಂಬ ಆ ಮಾತಿನ ಪ್ರಯೋಜನವನ್ನು ಕ್ರೇನಿನ ಕೆಳಗೆ ಕೆಲಸ ಮಾಡುವವರು ಇನ್ನೂ ಕಾಣಬೇಕಾಗಿದೆ.

ಪ್ರಕಟಣೆ ಏಕೆ ಬೇಕು ಎಂದು ಕೇಳಬಹುದು. 2008ರ ಮಾರ್ಚ್ 15ರಂದು ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಟವರ್ ಕ್ರೇನ್ ಬಿದ್ದು ಏಳು ಜನ ಸತ್ತರು. ಅದಕ್ಕೆ ಕೆಲವೇ ದಿನಗಳ ಹಿಂದೆ, ಸ್ಥಳಕ್ಕೆ ಹೋಗದೆಯೇ ಪರಿಶೀಲಿಸಿದ್ದೇನೆಂದು ಬರೆದ ಆರೋಪದ ಮೇಲೆ ನಗರಾಡಳಿತದ ಇನ್‌ಸ್ಪೆಕ್ಟರ್ ಒಬ್ಬರ ಬಂಧನ ಆಮೇಲೆ ಆಯಿತು. ಕೋಪ ಅಲ್ಲಿಗೇ ನಿಂತಿದ್ದರೆ ಪಾಠವೂ ಅಲ್ಲಿಗೇ ನಿಲ್ಲುತ್ತಿತ್ತು. ತನಿಖೆ ಮುಂದುವರಿದು, ಕ್ರೇನನ್ನು ಎತ್ತರಿಸುವಾಗ ಭಾರವಾದ ಉಕ್ಕಿನ ಕೊರಳಪಟ್ಟಿಯನ್ನು ಹಿಡಿದಿದ್ದ ಸಿಂಥೆಟಿಕ್ ಸ್ಲಿಂಗುಗಳು ಹರಿದದ್ದು ಬಯಲಾಯಿತು. ತಪ್ಪಿತಸ್ಥ ಸಿಕ್ಕಿದ ಮಾತ್ರಕ್ಕೆ ಕಾರಣ ಸಿಕ್ಕಂತಾಗಲಿಲ್ಲ. ನಮ್ಮಲ್ಲಿಯೂ ಪಾಠಗಳಿಗೆ ಬರವಿಲ್ಲ. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಿನಲ್ಲಿ 70 ಟನ್ ಸಾಮರ್ಥ್ಯದ ಕ್ರೇನ್ ಪರೀಕ್ಷೆಯ ಹೊತ್ತಿನಲ್ಲೇ ಕುಸಿದು 11 ಜನ ಪ್ರಾಣ ಕಳೆದುಕೊಂಡರು. 2023ರಲ್ಲಿ, ಜುಲೈ 31ರ ರಾತ್ರಿ ಕಳೆದು ಆಗಸ್ಟ್ 1 ಹುಟ್ಟುವ ಹೊತ್ತಿಗೆ, ಮಹಾರಾಷ್ಟ್ರದ ಶಹಾಪುರದ ಬಳಿ ಸಮೃದ್ಧಿ ಹೆದ್ದಾರಿಯ ಸೇತುವೆಗೆ ತೊಲೆ ಎತ್ತಿ ಕೂರಿಸುವ ಗರ್ಡರ್ ಲಾಂಚರ್ ಬಿದ್ದು 20 ಜನ ಸತ್ತರು. ಇಂಥದೇ ಲಾಂಚರುಗಳು ಇಂದು ಬೆಂಗಳೂರಿನ ರಸ್ತೆಗಳ ಮೇಲೆ, ನಡೆದಾಡುವ ಜನರ ನೆತ್ತಿಯ ಮೇಲೆ ಕೆಲಸ ಮಾಡುತ್ತಿವೆ. ಪೀಣ್ಯದ ಶೆಡ್ಡಿನಲ್ಲಿ, ಜಿಗಣಿಯ ಗ್ರಾನೈಟ್ ಅಂಗಳದಲ್ಲಿ, ಬೆಳಗಾವಿಯ ಫೌಂಡ್ರಿಯಲ್ಲಿ ದುಡಿಯುವವರಿಗೆ ಆ ಅಪಘಾತಗಳ ಕಾರಣಗಳು ಕನ್ನಡದಲ್ಲಿ ತಲುಪಬೇಡವೇ?

ನಾವು ಕೇಳುತ್ತಿರುವುದು ಅಪೂರ್ವವಾದುದೇನಲ್ಲ. ಒತ್ತಡ ಪಾತ್ರೆ ಸುರಕ್ಷಿತವಲ್ಲ ಎಂದು ಕಂಡುಬಂದರೆ ಪರೀಕ್ಷಕನು ಏಳು ದಿನಗಳೊಳಗೆ ವರದಿಯ ಪ್ರತಿಯನ್ನು ಇನ್‌ಸ್ಪೆಕ್ಟರಿಗೆ ಕಳುಹಿಸಬೇಕೆಂಬ ನಿಯಮ ನಮ್ಮ ದೇಶದ ಕಾರ್ಖಾನೆ ನಿಯಮಾವಳಿಗಳಲ್ಲಿ ಮೊದಲಿನಿಂದಲೂ ಇದೆ. ಕ್ರೇನಿಗೆ ಸಂಬಂಧಿಸಿದ 29ನೇ ಕಲಂನಲ್ಲಿ ಮಾತ್ರ ಅಂಥ ಮಾತಿರಲಿಲ್ಲ. ಸಿಡಿಯುವ ಟ್ಯಾಂಕಿಗೆ ಇರುವ ಗೌರವ ಬೀಳುವ ಭಾರಕ್ಕೆ ಏಕಿಲ್ಲ? ಬ್ರಿಟನ್ನಿನಲ್ಲಿ 1998ರ ಎತ್ತುವ ಯಂತ್ರಗಳ ನಿಯಮಾವಳಿಯ 10ನೇ ನಿಯಮವು, ಗಂಭೀರ ಗಾಯದ ಅಪಾಯ ಕಂಡರೆ ಪರೀಕ್ಷಕನೇ ವರದಿಯನ್ನು ಜಾರಿ ಪ್ರಾಧಿಕಾರಕ್ಕೆ ಕಳುಹಿಸಬೇಕೆನ್ನುತ್ತದೆ. ಅದೇ ದೇಶ 2010ರಲ್ಲಿ ಟವರ್ ಕ್ರೇನುಗಳ ನೋಂದಣಿ ತಂದು 2013ರಲ್ಲಿ ಕೈಬಿಟ್ಟಿತು. 10ನೇ ನಿಯಮವನ್ನು ಕೈಬಿಡಲಿಲ್ಲ. ಆದ್ದರಿಂದಲೇ ಎಲ್ಲ ಕ್ರೇನುಗಳ ಪಟ್ಟಿ ಮಾಡಿ ಎಂದು ನಾವು ಕೇಳುತ್ತಿಲ್ಲ. ತಿರಸ್ಕರಿಸಿದವುಗಳ ಪಟ್ಟಿಯಷ್ಟೇ ಸಾಕು.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾವು ಬಲ್ಲೆವು. ಸಿಬ್ಬಂದಿ ಸಾಲದು ಎಂಬುದು ಮೊದಲನೆಯದು. ನಿಜ, ಆದರೆ ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದ ಕಡಿಮೆ ಸಿಬ್ಬಂದಿಗಿಂತ, ಎಲ್ಲಿಗೆ ಹೋಗಬೇಕೆಂದು ಗೊತ್ತಿರುವ ಕಡಿಮೆ ಸಿಬ್ಬಂದಿ ಮೇಲು. ಉದ್ಯಮಕ್ಕೆ ಕಿರುಕುಳ, ಇನ್‌ಸ್ಪೆಕ್ಟರ್ ರಾಜ್ ಮರಳುತ್ತದೆ ಎಂಬುದು ಎರಡನೆಯದು. ನಮ್ಮ ಬೇಡಿಕೆಯಿಂದ, ಮಾಲೀಕರೇ ಕೇಳದ ಹೊರತು, ಒಂದು ಭೇಟಿಯೂ ಹೆಚ್ಚುವುದಿಲ್ಲ, ಒಂದು ಪರವಾನಗಿಯೂ ಹುಟ್ಟುವುದಿಲ್ಲ. ಈಗಾಗಲೇ ಬರೆದ ಕಾಗದದ ಒಂದು ಪ್ರತಿ ಇನ್ನೊಂದು ಕಡೆ ಹೋಗುತ್ತದೆ. ಜವಾಬ್ದಾರಿ ಹೇಗೂ ಮಾಲೀಕರದೇ ಅಲ್ಲವೇ ಎಂಬ ಮಾತೂ ಇದೆ. ಆ ಜವಾಬ್ದಾರಿ ಎಚ್ಚರಗೊಳ್ಳುವುದು ಮರಣೋತ್ತರ ಪರೀಕ್ಷೆಯ ನಂತರ. ತನಿಖಾ ವರದಿ ಪ್ರಕಟಿಸಿದರೆ ಮೊಕದ್ದಮೆಗೆ ಧಕ್ಕೆ ಎನ್ನುವವರು ವಿಮಾನ ಅಪಘಾತಗಳ ತನಿಖೆಯನ್ನು ನೋಡಬೇಕು. ಅಲ್ಲಿ ತನಿಖೆಯ ಉದ್ದೇಶ ಮುಂದಿನ ಅಪಘಾತ ತಪ್ಪಿಸುವುದು. ಹೊಣೆ ಹೊರಿಸುವುದು ನ್ಯಾಯಾಲಯದ ಕೆಲಸ. ಎರಡೂ ಜೊತೆಜೊತೆಗೇ ನಡೆಯುತ್ತಿವೆ.

ಇವೆಲ್ಲಕ್ಕಿಂತ ತೂಕದ ಆಕ್ಷೇಪ ನಮ್ಮ ಮೇಲೆಯೇ ಬರುವಂಥದು. ತಿರಸ್ಕಾರಕ್ಕೆ ಇಷ್ಟು ಬಲ ಬಂದರೆ ಪರೀಕ್ಷಕರೇ ಅದನ್ನು ತೋರಿಸಿ ಹಣ ಕೀಳುವುದಿಲ್ಲವೇ? ಕೀಳುವವರು ಇರಬಹುದು. ಅದಕ್ಕಾಗಿಯೇ ಪ್ರತಿ ತಿರಸ್ಕಾರದ ಜೊತೆ ಅಳತೆಯ ಅಂಕಿ ಮತ್ತು ಛಾಯಾಚಿತ್ರ ಕಡ್ಡಾಯವಾಗಲಿ, ಮಾಲೀಕರು ಕೇಳಿದರೆ ಏಳು ದಿನಗಳೊಳಗೆ ಸರ್ಕಾರ ನೇಮಿಸಿದ ಬೇರೊಬ್ಬರಿಂದ ಮರುಪರೀಕ್ಷೆ ನಡೆಯಲಿ, ಸುಳ್ಳೆಂದು ಸಾಬೀತಾದರೆ ನಮ್ಮ ಮಾನ್ಯತೆಯೇ ರದ್ದಾಗಲಿ. ಸುಳ್ಳು ‘ತೃಪ್ತಿಕರ’ಕ್ಕೂ ಅದೇ ಶಿಕ್ಷೆ ಇರಲಿ ಎಂದಷ್ಟೇ ನಾವು ಸೇರಿಸುತ್ತೇವೆ.

2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, ಮೇಲೆ ಹೇಳಿದ ಕಾರ್ಖಾನೆ ಮತ್ತು ಕಟ್ಟಡ ಕಾರ್ಮಿಕರ ಕಾಯ್ದೆಗಳ ಬದಲಿಗೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಳೆಯ ನಿಯಮಗಳನ್ನು ಹೊಸದಕ್ಕೆ ಹೊಂದಿಸುವ ಈ ಹೊತ್ತಿನಲ್ಲಿ ಒಂದು ಉಪನಿಯಮ ಸೇರಿಸುವುದು ಸುಲಭ. ಆದ್ದರಿಂದ ಈ ಕೆಳಗಿನ ಬೇಡಿಕೆಗಳನ್ನು ತಮ್ಮ ಮುಂದಿಡುತ್ತಿದ್ದೇವೆ.

1. ಕ್ರೇನ್ ಅಥವಾ ಎತ್ತುವ ಪರಿಕರ ಬಳಕೆಗೆ ಯೋಗ್ಯವಲ್ಲ ಎಂದು ಕಂಡರೆ, ಪರೀಕ್ಷಕನು 24 ಗಂಟೆಗಳೊಳಗೆ ವರದಿಯ ಪ್ರತಿಯನ್ನು ನೇರವಾಗಿ ಸರ್ಕಾರಕ್ಕೆ ಕಳುಹಿಸುವುದು ಕಡ್ಡಾಯವಾಗಬೇಕು.

2. ಮೊದಲ ವರದಿಯನ್ನೂ ದುರಸ್ತಿಯ ದಾಖಲೆಯನ್ನೂ ಲಗತ್ತಿಸದೆ ಅದೇ ಯಂತ್ರಕ್ಕೆ ಎರಡನೆಯ ಪ್ರಮಾಣಪತ್ರ ಕೊಡುವಂತಿರಬಾರದು.

3. ಸಾವು ಸಂಭವಿಸಿದ ಪ್ರತಿ ಕ್ರೇನ್ ಅಪಘಾತದ ತನಿಖಾ ವರದಿ, ವ್ಯಕ್ತಿಗಳ ಹೆಸರು ತೆಗೆದು, ಆರು ತಿಂಗಳೊಳಗೆ ಕನ್ನಡದಲ್ಲಿ ಪ್ರಕಟವಾಗಬೇಕು.

4. ತಿರಸ್ಕಾರದ ವರದಿ ಕೊಟ್ಟ ಕಾರಣಕ್ಕೆ ಪರೀಕ್ಷಕನನ್ನು ಗುತ್ತಿಗೆಯಿಂದ ಕೈಬಿಟ್ಟರೆ ಅದನ್ನು ಪ್ರಶ್ನಿಸಲು ಅವಕಾಶವಿರಬೇಕು.

5. ಲೋಡ್ ಚಾರ್ಟ್ ಮತ್ತು ಸನ್ನೆಗಳ ಫಲಕ ಕನ್ನಡದಲ್ಲಿರಬೇಕು; ರಿಗ್ಗರ್ ಮತ್ತು ಸಿಗ್ನಲ್‌ಮನ್‌ಗಳಿಗೆ ಗುರುತಿನ ಚೀಟಿ, ಟವರ್ ಕ್ರೇನ್ ಕ್ಯಾಬಿನ್ನಿನಲ್ಲಿ ಕುಡಿಯುವ ನೀರು ಮತ್ತು ಫ್ಯಾನ್ ಇರಬೇಕು.

6. ಇಪ್ಪತ್ತು ವರ್ಷ ಮೀರಿದ ಅನುಭವವುಳ್ಳ ಡಿಪ್ಲೊಮಾ ಪಡೆದ ಪರೀಕ್ಷಕರಿಗೆ ವಿದ್ಯಾರ್ಹತೆ ಮತ್ತು ವಯೋಮಿತಿಯಲ್ಲಿ ಸಡಿಲಿಕೆ ನೀಡಿ, ಈಗಾಗಲೇ ಅರ್ಜಿ ಸಲ್ಲಿಸಿ ಕಾಯುತ್ತಿರುವವರ ಮಾನ್ಯತೆಯನ್ನು ಮರುಸಂದರ್ಶನವಿಲ್ಲದೆ ನವೀಕರಿಸಬೇಕು. ಮರುಪರೀಕ್ಷಕರ ಪಟ್ಟಿಯಲ್ಲಿ ಇಂಥವರಿಗೆ ಆದ್ಯತೆ ಕೊಡುವುದು ಸೂಕ್ತ.

7. ಅಲ್ಟ್ರಾಸಾನಿಕ್ ಮತ್ತು ಲೋಡ್ ಸೆಲ್ ಉಪಕರಣಗಳ ಖರೀದಿಗೆ ಸಣ್ಣ ಪರೀಕ್ಷಾ ಸಂಸ್ಥೆಗಳಿಗೆ ಸಹಾಯಧನ ನೀಡಬೇಕು.

ಇವುಗಳಲ್ಲಿ ಮೊದಲ ಎರಡನ್ನು ಒಪ್ಪಿ ಉಳಿದವನ್ನು ಪರಿಶೀಲನೆಗೆ ಇಟ್ಟರೂ ನಾವು ಕೃತಜ್ಞರು. ಆದರೆ ಮೊದಲ ಎರಡನ್ನೂ ‘ಪರಿಶೀಲಿಸಲಾಗುವುದು’ ಎಂಬ ಷರಾದ ಕೆಳಗೆ ಮಲಗಿಸಬಾರದೆಂದು ಕೈಮುಗಿದು ಕೇಳುತ್ತೇವೆ. ಅರವತ್ತು ದಿನಗಳೊಳಗೆ ಲಿಖಿತ ಹಿಂಬರಹವನ್ನು ನಿರೀಕ್ಷಿಸುತ್ತಿದ್ದೇವೆ. ಅದು ಬರಲಿ ಬಾರದಿರಲಿ, ನಮ್ಮಲ್ಲಿ ಪರೀಕ್ಷಕರಾಗಿರುವ ಪ್ರತಿಯೊಬ್ಬರೂ ಇಂದಿನಿಂದ ತಾವು ಬರೆದ ತಿರಸ್ಕಾರದ ವರದಿಗಳ ಪ್ರತಿಯನ್ನು ಕಾರ್ಮಿಕ ಇಲಾಖೆಯ ವಿಳಾಸಕ್ಕೇ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿ ಇಟ್ಟುಕೊಳ್ಳಲು ನಿರ್ಧರಿಸಿದ್ದಾರೆ. ಹೀಗೆ ಕಳುಹಿಸಕೂಡದೆಂದು ಯಾವ ನಿಯಮವೂ ಹೇಳುವುದಿಲ್ಲ. ಮುಂದೊಂದು ದಿನ ಅಂಥ ಕ್ರೇನ್ ಬಿದ್ದರೆ, ವಿಷಯ ಗಮನಕ್ಕೆ ಬಂದಿರಲಿಲ್ಲ ಎಂದು ಹೇಳುವ ಅವಕಾಶ ಮಾಲೀಕರಿಗೂ ಇರುವುದಿಲ್ಲ, ಸರ್ಕಾರಕ್ಕೂ ಇರುವುದಿಲ್ಲ.



ತಮ್ಮ ವಿಶ್ವಾಸಿಗಳು,
(ಸಹಿಗಳು ಪ್ರತ್ಯೇಕ ಹಾಳೆಯಲ್ಲಿವೆ)