ಅಳದೆ ಬಿಟ್ಟ ಸಾವು

ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯನ್ನು ವಿಜ್ಞಾನದ ಅಹಂಕಾರದ ಕಥೆಯಾಗಿ ಓದುವುದು ನಮಗೆ ರೂಢಿಯಾಗಿದೆ. ಅಣುಬಾಂಬಿನ ಭಯ ಬರಲಿ, ತದ್ರೂಪಿ ಸೃಷ್ಟಿಯ ಭಯ ಬರಲಿ, ಕೃತಕ ಬುದ್ಧಿಮತ್ತೆಯ ಭಯ ಬರಲಿ, ಆ ಹೆಸರು ತಾನಾಗಿ ನಾಲಿಗೆಗೆ ಬರುತ್ತದೆ. ಆ ಓದು ತಪ್ಪಲ್ಲ. ಆದರೆ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಪ್ರಯೋಗಾಲಯಕ್ಕೆ ಕಾಲಿಡುವ ಮೊದಲೇ ಅವನ ಮನೆಯಲ್ಲಿ ಒಂದು ಸಾವಾಗಿದೆ ಎಂಬುದನ್ನು ಅದು ಮರೆಸಿಬಿಡುತ್ತದೆ. ಈ ಸಂಚಿಕೆಯ ವಿಶೇಷ ವಿಭಾಗ ಶುರುವಾಗುವುದು ಆ ಸಾವಿನಿಂದ.

ವಿಕ್ಟರನಿಗೆ ಆಗ 17 ವರ್ಷ. ಜಿನೀವಾ ಬಿಟ್ಟು ಇಂಗೋಲ್‌ಸ್ಟಾಟ್ ವಿಶ್ವವಿದ್ಯಾಲಯಕ್ಕೆ ಹೊರಡುವ ಸಿದ್ಧತೆ ನಡೆದಿದೆ. ಅಷ್ಟರಲ್ಲಿ, ಅವನ ಜೊತೆಯಲ್ಲೇ ಬೆಳೆದ ಎಲಿಜಬೆತ್ ಸ್ಕಾರ್ಲೆಟ್ ಜ್ವರದಿಂದ ಮಲಗುತ್ತಾಳೆ. ಆರೈಕೆಗೆ ನಿಂತ ತಾಯಿ ಕ್ಯಾರೊಲಿನ್‌ಗೆ ಜ್ವರ ತಗಲುತ್ತದೆ. ಹುಡುಗಿ ಉಳಿಯುತ್ತಾಳೆ, ತಾಯಿ ತೀರಿಕೊಳ್ಳುತ್ತಾಳೆ. ಹೋಗುವ ಮುನ್ನ ಇಬ್ಬರ ಕೈಗಳನ್ನೂ ಜೋಡಿಸಿ, ನೀವಿಬ್ಬರೂ ಒಂದಾಗಬೇಕೆಂಬುದೇ ನನ್ನಾಸೆಯಾಗಿತ್ತು ಎನ್ನುತ್ತಾಳೆ. ಚಿಕ್ಕ ಮಕ್ಕಳಿಗೆ ಇನ್ನು ನೀನೇ ನನ್ನ ಸ್ಥಾನದಲ್ಲಿರಬೇಕು ಎಂದು ಎಲಿಜಬೆತ್‌ಗೆ ಹೇಳುತ್ತಾಳೆ. ಹೀಗೆ ಆ ಒಬ್ಬ ಹುಡುಗಿ ವಿಕ್ಟರನ ಪಾಲಿಗೆ ಮುಂದಿನ ಹೆಂಡತಿ, ತಾಯಿಯ ಬದಲಿ, ತಾಯಿಯ ಸಾವಿಗೆ ನೆಪ ಎಲ್ಲವೂ ಆಗಿಬಿಡುತ್ತಾಳೆ. ಹದಿಹರೆಯದ ಯಾವ ಮನಸ್ಸಿಗೂ ಇದು ಹೊರಲಾರದ ಹೊರೆ. ವಿಕ್ಟರ್ ಹೊರುವುದೂ ಇಲ್ಲ. ಕೆಲವೇ ಸಾಲುಗಳಲ್ಲಿ ದುಃಖದ ಮಾತು ಮುಗಿಸಿ, ಬದುಕಿ ಉಳಿದವರಿಗೆ ಕರ್ತವ್ಯಗಳಿವೆ ಎಂದು ಗಾಡಿ ಹತ್ತುತ್ತಾನೆ. ಆಮೇಲೆ ಸುಮಾರು ಎರಡು ವರ್ಷ ಅವನ ಬದುಕು ಕಳೆಯುವುದು ಗೋರಿಗಳ ಮತ್ತು ಹೆಣಗಳ ನಡುವೆ. ಊರಿಗೆ ಹೋಗುವುದಿಲ್ಲ, ಮನೆಗೆ ಪತ್ರ ಬರೆಯುವುದನ್ನೂ ಬಿಡುತ್ತಾನೆ.

ಶೋಕಕ್ಕೂ ವಿಷಣ್ಣತೆಗೂ ಇರುವ ವ್ಯತ್ಯಾಸವನ್ನು ಕುರಿತು ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಶೋಕವೆಂಬುದು ಮನಸ್ಸು ಮಾಡಲೇಬೇಕಾದ ಒಂದು ಕೆಲಸ, ಅದಕ್ಕೆ ಕಾಲ ಹಿಡಿಯುತ್ತದೆ, ನೋವು ತಿನ್ನುತ್ತದೆ, ಕಳೆದುಹೋದವರು ಕಳೆದುಹೋದರೆಂದು ಒಪ್ಪಿಕೊಳ್ಳುತ್ತ ಒಪ್ಪಿಕೊಳ್ಳುತ್ತ ಅದು ಮುಗಿಯುತ್ತದೆ ಎಂಬುದು ಅವನ ವಾದದ ತಿರುಳು. ಆ ಕೆಲಸ ನಡೆಯದೆ ಹೋದಾಗ, ಸತ್ತವರು ಒಳಗೇ ಉಳಿದು ಉಳಿದವರನ್ನು ತಿನ್ನತೊಡಗುತ್ತಾರೆ. ವಿಕ್ಟರ್ ಆ ಕೆಲಸಕ್ಕೆ ಕೈಯನ್ನೇ ಹಚ್ಚಲಿಲ್ಲ. ತಾಯಿ ಸತ್ತಳೆಂದು ಅಳುವ ಬದಲು ಸಾವನ್ನೇ ಇಲ್ಲವಾಗಿಸಲು ಹೊರಟ. ಅವನ ದುರಂತದ ಬೇರು ಇಲ್ಲಿದೆ ಎಂದು ನಾವು ನಂಬಿದ್ದೇವೆ.

ಇದಕ್ಕೆ ಸಾಕ್ಷಿ ಕಾದಂಬರಿಯಲ್ಲೇ ಇದೆ. ನವೆಂಬರ್ ತಿಂಗಳ ಒಂದು ಮಳೆಯ ರಾತ್ರಿ ಅವನ ಸೃಷ್ಟಿ ಕಣ್ಣು ಬಿಡುತ್ತದೆ. ಎಂಟಡಿ ಎತ್ತರದ ಆ ಜೀವಿಯ ಹಳದಿ ಕಣ್ಣನ್ನು ನೋಡಿದ್ದೇ ತಡ, ವಿಕ್ಟರ್ ಮಲಗುವ ಕೋಣೆಗೆ ಓಡಿಹೋಗಿ, ಬಟ್ಟೆಯನ್ನೂ ಬದಲಿಸದೆ ಹಾಸಿಗೆಗೆ ಬೀಳುತ್ತಾನೆ. ಕನಸಿನಲ್ಲಿ ಎಲಿಜಬೆತ್ ಇಂಗೋಲ್‌ಸ್ಟಾಟ್‌ನ ಬೀದಿಯಲ್ಲಿ ಆರೋಗ್ಯದಿಂದ ನಡೆದು ಬರುತ್ತಾಳೆ. ಅವನು ಸಂತೋಷದಿಂದ ತಬ್ಬಿ ಮುತ್ತಿಡುತ್ತಾನೆ. ಮುತ್ತು ತಾಗಿದ ಕೂಡಲೇ ತುಟಿ ನೀಲಿಗಟ್ಟುತ್ತದೆ, ಮುಖ ಬದಲಾಗುತ್ತದೆ, ತೋಳಿನಲ್ಲಿರುವುದು ಸತ್ತ ತಾಯಿಯ ಹೆಣ. ಹೊದಿಸಿದ ಬಟ್ಟೆಯ ಮಡಿಕೆಗಳಲ್ಲಿ ಹುಳುಗಳು ಹರಿದಾಡುತ್ತಿವೆ. ಬೆಚ್ಚಿ ಎದ್ದರೆ, ಹಾಸಿಗೆಯ ಪರದೆ ಸರಿಸಿ ಆ ಜೀವಿ ನಿಂತಿದ್ದಾನೆ. ಏನೋ ತೊದಲುತ್ತಾನೆ, ಮುಖದಲ್ಲಿ ನಗು ಮೂಡುತ್ತದೆ, ಕೈ ಚಾಚುತ್ತಾನೆ. ಅಪ್ಪನಾದವನು ಮೆಟ್ಟಿಲಿಳಿದು ಓಡುತ್ತಾನೆ.

ಈ ಸಾಲುಗಳನ್ನು ಬರೆದವಳು ತೀರಿಕೊಂಡದ್ದು 1851ರಲ್ಲಿ, ಫ್ರಾಯ್ಡ್ ಹುಟ್ಟಿದ್ದು 1856ರಲ್ಲಿ. ಆದ್ದರಿಂದ ಇಲ್ಲಿ ಯಾರೂ ಸಿದ್ಧಾಂತಕ್ಕೆ ತಕ್ಕಂತೆ ಕನಸನ್ನು ಹೆಣೆದಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 1818ರ ಮೊದಲ ಮುದ್ರಣದಲ್ಲಿ ಎಲಿಜಬೆತ್ ವಿಕ್ಟರನ ಸೋದರತ್ತೆಯ ಮಗಳು. 1831ರಲ್ಲಿ ಮೇರಿ ಕಾದಂಬರಿಯನ್ನು ತಿದ್ದಿದಾಗ ಆ ರಕ್ತಸಂಬಂಧವನ್ನು ತೆಗೆದುಹಾಕಿ, ಅವಳನ್ನು ಇಟಲಿಯ ಬಡ ಕುಟುಂಬವೊಂದರಿಂದ ತಂದು ಸಾಕಿದ ಅನಾಥೆಯಾಗಿಸಿದಳು. ಸೋದರಿಕೆಯ ಸಂಬಂಧದಲ್ಲಿ ಮದುವೆ ನಮ್ಮ ಕಡೆ ಸಹಜವಾದ್ದರಿಂದ ಈ ತಿದ್ದುಪಡಿ ನಮ್ಮ ಓದುಗರಿಗೆ ಅನಗತ್ಯವೆನಿಸಬಹುದು. ಆದರೆ ಕನಸನ್ನು ಮಾತ್ರ ಅವಳು ಹಾಗೇ ಉಳಿಸಿಕೊಂಡಳು. ಸಂಬಂಧದ ಹೆಸರು ಬದಲಾದರೂ ಎಲಿಜಬೆತ್ ತಾಯಿಯ ಹೆಣವಾಗುವುದು ತಪ್ಪಲಿಲ್ಲ.

ಆ ಕನಸು ನಿಜವಾಗುವ ರಾತ್ರಿಯೊಂದು ಮುಂದೆ ಬರುತ್ತದೆ. ತನಗೊಬ್ಬ ಸಂಗಾತಿಯನ್ನು ಮಾಡಿಕೊಡು ಎಂದು ಜೀವಿ ಬೇಡಿದ್ದ. ವಿಕ್ಟರ್ ಒಪ್ಪಿ, ಆರ್ಕ್ನಿ ದ್ವೀಪದಲ್ಲಿ ಅರ್ಧ ಮಾಡಿ, ಅವನ ಕಣ್ಣೆದುರೇ ಹರಿದುಹಾಕಿದ. ನಿನ್ನ ಮದುವೆಯ ರಾತ್ರಿ ಬರುತ್ತೇನೆ ಎಂದು ಜೀವಿ ಹೇಳಿ ಹೋದ. ಯಾರ ಜೀವಕ್ಕೆ ಅಪಾಯವೆಂದು ಓದುತ್ತಿರುವ ಮಗುವಿಗೂ ತಿಳಿಯುತ್ತದೆ. ವಿಕ್ಟರನಿಗೆ ತಿಳಿಯುವುದಿಲ್ಲ. ತನ್ನನ್ನೇ ಕೊಲ್ಲಲು ಬರುತ್ತಾನೆಂದು ಪಿಸ್ತೂಲು ಹಿಡಿದು, ಎವಿಯನ್‌ನ ಛತ್ರದಲ್ಲಿ ಮದುಮಗಳನ್ನು ಒಂಟಿಯಾಗಿ ಕೋಣೆಗೆ ಕಳಿಸುತ್ತಾನೆ. ಇಷ್ಟು ಬುದ್ಧಿವಂತನಿಗೆ ಇಷ್ಟು ಕುರುಡೇಕೆ? ಅವನ ಸುಪ್ತ ಮನಸ್ಸು ಬಯಸಿದ್ದನ್ನು ಜೀವಿ ಮಾಡಿ ಮುಗಿಸುತ್ತಾನೆ, ಇಬ್ಬರೂ ಒಂದೇ ಮನಸ್ಸಿನ ಎರಡು ಮುಖ ಎನ್ನುವ ವಿಮರ್ಶಕರಿದ್ದಾರೆ. ಸಾಹಿತ್ಯದಲ್ಲಿ ಬರುವ ಪ್ರತಿರೂಪಗಳ ಬಗ್ಗೆ ಮನೋವಿಶ್ಲೇಷಕ ಆಟೊ ರ‍್ಯಾಂಕ್ 1914ರಲ್ಲೇ ಬರೆದ. ಆ ಜೀವಿ ಗೋರಿಯಿಂದ ಎದ್ದುಬಂದ ತನ್ನದೇ ಪ್ರೇತದ ಹಾಗೆ ಎಂದು ಸ್ವತಃ ವಿಕ್ಟರನೇ ಒಮ್ಮೆ ಹೇಳಿಕೊಳ್ಳುತ್ತಾನೆ. ಕೊಲ್ಲುವ ಬಯಕೆಯೇ ಇತ್ತೆಂದು ನಾವು ಹೇಳಲಾರೆವು. ಆದರೆ ಎಲಿಜಬೆತ್‌ಳನ್ನು ಬದುಕಿರುವ ಹೆಣ್ಣಾಗಿ ಅವನು ಎಂದೂ ನೋಡಲಾರದೆ ಹೋದ ಎಂಬುದು ನಮಗೆ ಸ್ಪಷ್ಟ.

ಜೀವಿಯ ಕಡೆಗೆ ಬಂದರೆ, ಡೊನಾಲ್ಡ್ ವಿನಿಕಾಟ್ ಎಂಬ ಇಂಗ್ಲಿಷ್ ಮಕ್ಕಳ ವೈದ್ಯ ಮತ್ತು ಮನೋವಿಶ್ಲೇಷಕ 1967ರಲ್ಲಿ ಹೇಳಿದ ಮಾತು ನೆರವಿಗೆ ಬರುತ್ತದೆ. ಕೂಸು ತಾಯಿಯ ಮುಖವನ್ನು ನೋಡಿದಾಗ ಅಲ್ಲಿ ಕಾಣುವುದು ತನ್ನನ್ನೇ ಎಂದ ಅವನು. ಈ ಕೂಸು ಮೊದಲು ಕಂಡದ್ದು ಅಸಹ್ಯದಿಂದ ಓಡುವ ಮುಖ. ಮುಂದೆ ಕೊಳದ ನೀರಿನಲ್ಲಿ ತನ್ನ ರೂಪ ಕಂಡು, ಮೊದಲು ಅದು ತಾನೆಂದು ನಂಬದೆ, ನಂಬಿದ ಮೇಲೆ ಕುಸಿಯುತ್ತಾನೆ. ಅವನನ್ನು ಮನುಷ್ಯನಂತೆ ಮಾತನಾಡಿಸುವವನು ಇಡೀ ಕಾದಂಬರಿಯಲ್ಲಿ ಕುರುಡ ಮುದುಕ ಡಿ ಲೇಸಿ ಒಬ್ಬನೇ. ಆ ಮಾತುಕತೆಯೂ ಮುದುಕನ ಮಗ ಬಾಗಿಲು ತೆರೆದು ಕೋಲಿನಿಂದ ಬಡಿಯುವವರೆಗೆ ಮಾತ್ರ.

ಇಲ್ಲಿಗೆ ನಿಲ್ಲಿಸಿದರೆ ಓದು ಅರ್ಧವಾಗುತ್ತದೆ. ನಮ್ಮ ತಕರಾರು ಶುರುವಾಗುವುದು ಜಸ್ಟಿನ್ ಮೋರಿಟ್ಜ್ ಎಂಬ ಮನೆಗೆಲಸದ ಹುಡುಗಿಯ ವಿಷಯದಲ್ಲಿ. ಹೆತ್ತ ತಾಯಿಗೆ ಬೇಡವಾದವಳು, ಕ್ಯಾರೊಲಿನ್ ಮನೆಗೆ ಕರೆತಂದು ಬೆಳೆಸಿದವಳು. ಕ್ಯಾರೊಲಿನ್‌ಳ ಮಾತಿನ ಧಾಟಿ, ನಡೆನುಡಿ ಎಲ್ಲವನ್ನೂ ಅನುಕರಿಸಿ, ಅವಳು ಸತ್ತ ಮೇಲೂ ಮನೆಯವರಿಗೆ ಅವಳನ್ನೇ ನೆನಪಿಸುವವಳು. ಹಾಗೆ ನೋಡಿದರೆ ಆ ಜೀವಿಗೆ ಲೋಕದಲ್ಲಿ ಒಬ್ಬ ಒಡಹುಟ್ಟಿದವಳಿದ್ದರೆ ಅವಳೇ. ಇಬ್ಬರನ್ನೂ ಹುಟ್ಟಿಸಿದವರು ದೂರ ತಳ್ಳಿದ್ದಾರೆ. ಜೀವಿ ವಿಕ್ಟರನ ಪುಟ್ಟ ತಮ್ಮ ವಿಲಿಯಮ್‌ನನ್ನು ಕೊಂದು, ಮಗುವಿನ ಕೊರಳಲ್ಲಿದ್ದ ಕ್ಯಾರೊಲಿನ್‌ಳ ಚಿತ್ರದ ಲಾಕೆಟ್ಟನ್ನು ಕೊಟ್ಟಿಗೆಯಲ್ಲಿ ಮಲಗಿದ್ದ ಜಸ್ಟಿನ್‌ಳ ಉಡುಪಿನಲ್ಲಿ ಇಡುತ್ತಾನೆ. ಸತ್ತ ತಾಯಿಯ ಚಿತ್ರವೇ ಅವಳ ವಿರುದ್ಧ ಸಾಕ್ಷಿಯಾಗುತ್ತದೆ. ಪಾಪನಿವೇದನೆ ಕೇಳುವ ಪಾದ್ರಿ ನರಕದ ಭಯ ಹುಟ್ಟಿಸಿ, ಮಾಡದ ಕೊಲೆಯನ್ನು ಅವಳು ಒಪ್ಪಿಕೊಳ್ಳುವಂತೆ ಮಾಡುತ್ತಾನೆ. ಕೊಂದವನು ಯಾರೆಂದು ವಿಕ್ಟರನಿಗೆ ಗೊತ್ತು. ಹೇಳಿದರೆ ಹುಚ್ಚನೆಂದಾರು ಎಂದು ಸುಮ್ಮನಿರುತ್ತಾನೆ. ಅಷ್ಟೇ ಅಲ್ಲ, ನೇಣಿಗೆ ಹೋಗುತ್ತಿರುವವಳ ಸಂಕಟಕ್ಕಿಂತ ತನ್ನ ಸಂಕಟ ದೊಡ್ಡದೆಂದು ನಮಗೆ ಹೇಳುತ್ತಾನೆ.

ಮನೋವಿಶ್ಲೇಷಣೆ ಮಾತಾಡುವವನ ಕಡೆಗೆ ಕಿವಿಗೊಡುವ ವಿದ್ಯೆ. ವಿಕ್ಟರ್ ಹಡಗಿನಲ್ಲಿ ಮಲಗಿ ಅದರ ನಾಯಕ ವಾಲ್ಟನ್‌ಗೆ ಎಲ್ಲವನ್ನೂ ಹೇಳಿಕೊಳ್ಳುತ್ತಾನೆ, ಜೀವಿಯೂ ಅಧ್ಯಾಯಗಟ್ಟಲೆ ಹೇಳಿಕೊಳ್ಳುತ್ತಾನೆ. ಜಸ್ಟಿನ್‌ಗೆ ಸಿಗುವುದು ಕೆಲವೇ ಪುಟ. ಆದ್ದರಿಂದ ವಿಮರ್ಶೆಯಲ್ಲೂ ಅವಳು ಉಪಪಾತ್ರವಾಗಿ ಉಳಿದಿದ್ದಾಳೆ. ವಿಕ್ಟರನ ಗಾಯ ಎಷ್ಟು ಆಳವೆಂದು ತಿಳಿಯುವುದು ಒಳ್ಳೆಯದೇ, ಆದರೆ ಆ ತಿಳಿವಳಿಕೆ ಅವನ ಮೌನಕ್ಕೆ ಮಾಫಿಯಾಗಬಾರದು. ಒಂದು ಹೆಣದ ಮುಂದೆ ನಿಂತು, ಇದಕ್ಕೆ ನಾನೇ ಕಾರಣ ಎಂದು ಬಾಯಿಬಿಟ್ಟು ಅಳುವವನು ಕೊನೆಗೆ ಆ ಜೀವಿಯೇ. ವಿಕ್ಟರನ ಶವದ ಪಕ್ಕದಲ್ಲಿ ನಿಂತು ಕ್ಷಮೆ ಬೇಡುತ್ತಾನೆ.

ಲೇಖಕಿಯ ಬದುಕಿನ ಬಗ್ಗೆ ಒಂದು ಮಾತು. ಮೇರಿ ಹುಟ್ಟಿದ ಹನ್ನೊಂದನೆಯ ದಿನ, 1797ರ ಸೆಪ್ಟೆಂಬರ್ 10ರಂದು, ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಬಾಣಂತಿ ಜ್ವರದಿಂದ ತೀರಿಕೊಂಡಳು. 1815ರ ಫೆಬ್ರವರಿಯಲ್ಲಿ ಅವಧಿಗೆ ಮುಂಚೆ ಹುಟ್ಟಿದ ಅವಳ ಮೊದಲ ಹೆಣ್ಣುಮಗು ಎರಡು ವಾರ ತುಂಬುವ ಮೊದಲೇ ಹೋಯಿತು. ಮಗು ತಣ್ಣಗಾಗಿತ್ತಷ್ಟೇ, ಬೆಂಕಿಯ ಮುಂದೆ ಮೈ ಉಜ್ಜಿದಾಗ ಬದುಕಿತು ಎಂದು ಕನಸು ಕಂಡದ್ದನ್ನು ದಿನಚರಿಯಲ್ಲಿ ಬರೆದುಕೊಂಡಿದ್ದಾಳೆ. ಮರುವರ್ಷದ ಬೇಸಿಗೆಯಲ್ಲಿ ಜಿನೀವಾ ಸರೋವರದ ದಡದಲ್ಲಿ ಈ ಕಾದಂಬರಿ ಶುರುವಾಯಿತು. ಇದನ್ನು ಹೆರಿಗೆಯ ಭಯದ ಕಥೆಯಾಗಿ ಓದಲು ಕಲಿಸಿದವಳು, 1976ರಲ್ಲಿ ‘ಲಿಟರರಿ ವಿಮೆನ್’ ಬರೆದ ಎಲೆನ್ ಮೋಯರ್ಸ್. ಆ ದಾರಿ ದೊಡ್ಡದು. ಆದರೂ ಲೇಖಕಿಯನ್ನು ರೋಗಿಯಾಗಿಸಿ ಕಾದಂಬರಿಯನ್ನು ಅವಳ ಕೇಸ್ ಶೀಟ್ ಮಾಡುವ ಬರಹಗಳನ್ನು ಈ ಸಂಚಿಕೆಗೆ ತೆಗೆದುಕೊಂಡಿಲ್ಲ. ನೋವುಂಡವರು ಬಹಳ, ಆ ಕನಸನ್ನು ಬರೆಯಬಲ್ಲವರು ಕೆಲವರೇ.

ಭಾಷೆಯ ಬಗ್ಗೆಯೂ ಲೇಖಕರಲ್ಲಿ ಒಂದು ಕೋರಿಕೆ ಇಟ್ಟಿದ್ದೆವು. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, ಮನಸ್ಸಿನ ಬೇನೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ನಮಗೆ ಹೊಸದಲ್ಲ. ಪಾತ್ರಗಳ ಹಣೆಗೆ ಈಡಿಪಸ್, ಈಗೊ ಎಂಬ ಚೀಟಿ ಅಂಟಿಸದೆ, ಕಾದಂಬರಿಯ ಸಾಲುಗಳ ಬಳಿಯೇ ನಿಂತು ಬರೆಯಿರಿ ಎಂದು ಕೇಳಿಕೊಂಡಿದ್ದೆವು. ಎಲ್ಲರೂ ನಡೆಸಿಕೊಟ್ಟಿದ್ದಾರೆ.

ಓದುಗರು ಲೇಖನಗಳಿಗೆ ಹೋಗುವ ಮೊದಲು ಆ ಕನಸಿನ ಪುಟವನ್ನು ಮೂಲದಲ್ಲಿ ಒಮ್ಮೆ ಓದಬೇಕೆಂದು ವಿನಂತಿ. 1818ರ ಪಾಠದಲ್ಲಿ ಅದು ಮೊದಲ ಸಂಪುಟದ ನಾಲ್ಕನೆಯ ಅಧ್ಯಾಯ, 1831ರ ಪಾಠದಲ್ಲಿ ಐದನೆಯದು. ಜಸ್ಟಿನ್‌ಳನ್ನು ನಡುವೆ ಇಟ್ಟು ಬರೆದ ಒಂದು ಲೇಖನವೂ ನಮಗೆ ಬರಲಿಲ್ಲ. ಯಾರಾದರೂ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಕಾದಿರಿಸಿದ್ದೇವೆ.