ಆರನೇ ಹುಡುಗನ ಕೆಲ್ಸ

ನಮ್ ಬೈಲಕುಪ್ಪೆ ಕಡೆ ಹುಡುಗರು ಕೆಲ್ಸಕ್ಕೆ ಸೇರೋಕೆ ಮುಂಚೆ ಈಗ ಕೇಳೋ ಮೊದಲ್ನೇ ಮಾತು, "ಓಟಿ ಸಿಗ್ತದಾ?" ಸಂಬಳ ಎಷ್ಟು ಅನ್ನೋದು ಆಮೇಲೆ. ಮೈಸೂರಿನ ಹೂಟಗಳ್ಳಿ, ಹೆಬ್ಬಾಳದ ಕಡೆ ರೂಮ್ ಮಾಡ್ಕಂಡು ಕಾರ್ಖಾನೆಗೆ ಹೋಗೋರು ಬೇಕಾದಷ್ಟು ಜನ ಅವ್ರೆ, ನನ್ನ ಹಿರೀ ಮಗನೂ ಒಬ್ಬ. ಓಟಿ ದುಡ್ಡಿಂದ್ಲೇ ನಮ್ಮ ಸಂಘದ ಕಂತು ತೀರ್ತಾ ಇರೋದು, ಇಲ್ಲ ಅನ್ನಲ್ಲ. ಆದ್ರೂ ಹೇಳ್ತೀನಿ, ಈ ಓಟಿ ಇನ್ನೊಂದು ಮನೆ ಮಗೀನ ಕೆಲ್ಸ ತಿಂತಾ ಅದೆ.

ಲೆಕ್ಕ ನೋಡಿ. 1948ರ ಕಾರ್ಖಾನೆ ಕಾಯ್ದೆಲಿ ವಾರಕ್ಕೆ 48 ಗಂಟೆ ಕೆಲ್ಸ, ಅದರ ಮೇಲೆ ಮಾಡಿದ್ದಕ್ಕೆ ಎರಡರಷ್ಟು ಕೂಲಿ ಅಂತ ಇತ್ತು. ಮೂರು ತಿಂಗ್ಳಿಗೆ 75 ಗಂಟೆಗಿಂತ ಹೆಚ್ಚು ಓಟಿ ಮಾಡಿಸಂಗಿರಲಿಲ್ಲ. 2023ರಲ್ಲಿ ನಮ್ಮ ರಾಜ್ಯದೋರು ತಿದ್ದುಪಡಿ ತಂದು ಅದನ್ನ 145 ಗಂಟೆಗೆ ಏರಿಸಿದ್ರು, ದಿನಕ್ಕೆ 12 ಗಂಟೆವರೆಗೂ ದುಡಿಸೋಕೆ ದಾರಿ ಮಾಡಿದ್ರು. ಮೂರು ತಿಂಗಳಂದ್ರೆ 13 ವಾರ, ಒಬ್ಬನ ಮಾಮೂಲಿ ಕೆಲ್ಸ 624 ಗಂಟೆ. ಐದು ಜನ 145ರಂತೆ ಓಟಿ ಮಾಡಿದ್ರೆ 725 ಆಯ್ತದೆ. ಐದು ಹುಡುಗರ ಓಟಿಲಿ ಆರನೇ ಹುಡುಗನ ಕೆಲ್ಸ ಪೂರ್ತಿ ಕರಗೋಗಿ ಇನ್ನೂ ಮಿಕ್ತು! ಮೂರು ಪಾಳಿ ನಡೆಯೋ ಕಡೆ 12 ಗಂಟೆ ಬಂದ್ರೆ ಎರಡೇ ಪಾಳಿ ಸಾಕು. ಮೂರನೇ ಪಾಳಿಯೋರು ಮನೇಲಿ.

ಎರಡರಷ್ಟು ಕೊಟ್ಟು ಮಾಲೀಕನಿಗೆ ಹೆಂಗೆ ಗಿಟ್ಟುತ್ತೆ ಅಂತ ನಮ್ಮ ಯಜಮಾನ್ರು ಕೇಳಿದ್ರು. ಹೊಸಬನ್ನ ಸೇರಿಸ್ಕೊಂಡ್ರೆ ಕೆಲ್ಸ ಕಲಿಸ್ಬೇಕು, ಪಿಎಫ್ಫು, ಇಎಸ್‌ಐ, ರಜೆ, ಬೋನಸ್ಸು ಎಲ್ಲ ಹೊಸದಾಗಿ ಶುರು. ಆರ್ಡರ್ ಕಮ್ಮಿ ಆದ ದಿನ ಓಟಿ ನಿಲ್ಲಿಸಿಬಿಡಬಹುದು, ಆಳನ್ನ ತೆಗೆಯೋದು ಅಷ್ಟು ಸಲೀಸಲ್ಲ. ಅದೂ ಅಲ್ದೆ, ಕಾಯ್ದೆಲಿ ಇರೋದೆಲ್ಲ ಕೈಗೆ ಬತ್ತದಾ? ಮಗ ಮೊದಲಿದ್ದ ಒಂದು ಕಡೆ ಎರಡರಷ್ಟು ಅನ್ನೋ ಮಾತೇ ಇರ್ಲಿಲ್ಲ, ಮಾಮೂಲಿ ಗಂಟೆ ಲೆಕ್ಕದಲ್ಲೇ ಕೊಟ್ಟು ಕಳಿಸೋರು.

ನಮ್ಮ ಹೊಗೆಸೊಪ್ಪಿನ ಕೆಲ್ಸ ನೋಡಿ. ಸೊಪ್ಪು ಮುರಿಯೋದು ಜಾಸ್ತಿ ಆದ್ರೆ ಅದೇ ನಾಲ್ಕು ಹೆಂಗಸರನ್ನ ಸರಿರಾತ್ರಿ ತನಕ ಕೂರಿಸಿ ಕಡ್ಡಿಗೆ ಕಟ್ಟಿಸ್ತೀವಾ? ಇನ್ನಿಬ್ಬರನ್ನ ಕರೀತೀವಿ, ಇಲ್ಲಾಂದ್ರೆ ಮುಯ್ಯಾಳು ಮಾಡ್ಕೋತೀವಿ. (ಬ್ಯಾರನ್ ಬೆಂಕಿ ಕಾಯೋರ ನಿದ್ದೆಗೆ ಯಾರೂ ಓಟಿ ಕೊಟ್ಟಿಲ್ಲ ಬಿಡಿ, ಅದು ಬೇರೆ ಕತೆ.)

ಪಕ್ಕದ ಬೀದಿ ಹುಡುಗಿ ಡಿಪ್ಲೊಮಾ ಮುಗಿಸಿ ಎರಡು ವರ್ಷ ಆಯ್ತು. ಹೋದ ಕಡೆಯೆಲ್ಲ ಜಾಗ ಖಾಲಿ ಇಲ್ಲ ಅಂತಾರೆ. ಹಂಗೆ ಖಾಲಿ ಇಲ್ಲ ಅಂದ ಒಂದು ಕಡೇಲೇ ನನ್ ಮಗ ಬೆಳಗ್ಗೆ ಎಂಟರಿಂದ ರಾತ್ರಿ ಎಂಟರ ತನಕ ಮಿಷನ್ ಮುಂದೆ ನಿಂತಿರ್ತಾನೆ. ಭಾನುವಾರ ಊರಿಗೆ ಬಂದ್ರೆ ತಟ್ಟೆ ಮುಂದೇನೇ ತೂಕಡಿಸ್ತಾನೆ.

ಓಟಿ ಬೇಡ ಅಂದ್ರೆ ಹುಡುಗರೇ ನನ್ ಮೇಲೆ ಜಗಳಕ್ಕೆ ಬತ್ತಾರೆ, ಅದೂ ಸರಿನೇ. ಎಂಟು ಗಂಟೆ ದುಡಿಮೆಲಿ ಬಾಡಿಗೆ, ಊಟ, ಕಂತು ನಡೆಯಂಗಿದ್ರೆ ಯಾರು ತಾನೆ 12 ಗಂಟೆ ನಿಲ್ತಾರೆ? ಮೊದಲು ಮೂಲ ಸಂಬಳ ಏರಿಸ್ಲಿ. ಆಮೇಲೆ ಓಟಿ ಮಿತಿನ ವಾಪಸ್ 75ಕ್ಕೆ ಇಳಿಸ್ಲಿ, ಮಿಕ್ಕ ಗಂಟೆಗೆ ಆ ಹುಡುಗೀನ ಕರೀಲಿ.